ಒಂದು ಹಲ್ಲಿನ ವಯಸ್ಸು

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ "ಫಿಸಿಕ್ಸ್ ಲೆಕ್ಚರರ್" ಎಂದಷ್ಟೇ ಹೇಳಿ ಮಾತು ಮುಗಿಸುತ್ತೇನೆ. ಅದು ಸುಳ್ಳಲ್ಲ. ರಾಮನಗರದ ಕಾಲೇಜೊಂದರಲ್ಲಿ ಬಹಳ ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಆದರೆ ಭಾನುವಾರಗಳಲ್ಲಿ, ರಜೆಗಳಲ್ಲಿ, ಪೇಪರ್ ತಿದ್ದುವ ಕಾಟ ಇಲ್ಲದ ಸಂಜೆಗಳಲ್ಲಿ ನಾನು ಮಾಡುವ ಇನ್ನೊಂದು ಕೆಲಸವಿದೆ. ವಿಶ್ವಕ್ಕೆ ಇನ್ನೂ ನೂರು ಕೋಟಿ ವರ್ಷವೂ ತುಂಬಿರದಿದ್ದ ಕಾಲದ, ಬಹಳ ಬಹಳ ದೂರದ ಗೆಲಾಕ್ಸಿಗಳ ವಯಸ್ಸನ್ನು ಲೆಕ್ಕ ಹಾಕುವುದು. ಬಾಹ್ಯಾಕಾಶದಲ್ಲಿರುವ ದೊಡ್ಡ ದೂರದರ್ಶಕ ಕಳಿಸುವ ಮಾಹಿತಿ ಸ್ವಲ್ಪ ಕಾಲದ ನಂತರ ಯಾರಿಗೆ ಬೇಕಾದರೂ ಸಿಗುತ್ತದೆ. ಅದನ್ನು ಇಳಿಸಿಕೊಂಡು ಲೆಕ್ಕ ಮಾಡಲು ಇಂಟರ್‌ನೆಟ್ಟೂ ತಾಳ್ಮೆಯೂ ಇದ್ದರೆ ಸಾಕು. ಇಂಟರ್‌ನೆಟ್ಟು ನನ್ನ ಬಳಿ ಇದೆ. ತಾಳ್ಮೆಯ ವಿಷಯವನ್ನು ನನ್ನ ವಿದ್ಯಾರ್ಥಿನಿಯರನ್ನು ಕೇಳಬೇಕು.

ಇದನ್ನು ತಿಳಿದವರು ಸಾಮಾನ್ಯವಾಗಿ ಇದರಿಂದ ಏನು ಉಪಯೋಗ ಎಂದು ಕೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಒಬ್ಬರು, ಅಷ್ಟು ದೂರ ನೋಡುವವರು ಹತ್ತಿರದಲ್ಲಿ ಒಂದು ಗಂಡು ನೋಡಿಕೊಳ್ಳಬಾರದಿತ್ತೇ ಎಂದು ಕೇಳಿ ತಮ್ಮ ಜೋಕಿಗೆ ತಾವೇ ನಕ್ಕಿದ್ದರು. ಅವರ ಜೊತೆ ಆಮೇಲೆ ನಾನು ಮಾತಾಡಿಲ್ಲ. ಅವ್ವ ಮಾತ್ರ ಸರಿಯಾದ ಪ್ರಶ್ನೆ ಕೇಳಿದಳು. ಅವಳಿಗೆ ನಾನು ಕೊಟ್ಟ ಉತ್ತರವನ್ನು ಬರೆದಿಡಬೇಕೆಂದು ಈಗ ಕೂತಿದ್ದೇನೆ. ಬರೆದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಆ ನಂಬಿಕೆಯಿಲ್ಲ.

ನಮ್ಮದು ಮಾಗಡಿ ತಾಲ್ಲೂಕು, ಕುದೂರಿನ ಹತ್ತಿರದ ಹಳ್ಳಿ. ರಾಗಿ ಹೊಲ, ಒಂದು ಹಿಂಡು ಕುರಿ. ಈಗ ಹೊಲವನ್ನೂ ಕುರಿಯನ್ನೂ ತಮ್ಮ ನೋಡಿಕೊಳ್ಳುತ್ತಾನೆ, ಅಪ್ಪ ಅವನನ್ನು ನೋಡಿಕೊಳ್ಳುತ್ತಾನೆ. ಕುರಿಯ ವಯಸ್ಸು ಹೇಳುವುದರಲ್ಲಿ ಅಪ್ಪ ಸುತ್ತಲ ಊರುಗಳಿಗೆಲ್ಲ ಹೆಸರಾದವನು. ಕೊಳ್ಳುವವರೂ ಮಾರುವವರೂ ಇಬ್ಬರೂ ಅವನನ್ನೇ ಕರೆಯುತ್ತಿದ್ದರು. ಕುರಿಯ ತಲೆಯನ್ನು ಕಂಕುಳಲ್ಲಿ ಅವುಚಿ, ಹೆಬ್ಬೆರಳಿನಿಂದ ತುಟಿ ಸರಿಸಿ, ಕೆಳಗಿನ ಹಲ್ಲು ನೋಡುವುದು. ಕುರಿಗೆ ಮೇಲೆ ಮುಂದಿನ ಹಲ್ಲು ಇರುವುದೇ ಇಲ್ಲ. ಹಾಲುಹಲ್ಲು ಬಿದ್ದು ನಡುವೆ ಅಗಲವಾದ ಎರಡು ಬಂದಿದ್ದರೆ ಅದು ಎರಡು ಹಲ್ಲಿನ ಕುರಿ. ವರ್ಷಕ್ಕೆ ಎರಡರಂತೆ ನಾಲ್ಕಾಗಿ, ಆರಾಗಿ, ಎಂಟೂ ಬಂದರೆ 'ಬಾಯಿಗೂಡಿತು' ಎನ್ನುತ್ತಾರೆ. ಆಮೇಲೆ ಹಲ್ಲು ಸವೆತವನ್ನು ತೋರಿಸುತ್ತದೆಯೇ ಹೊರತು ವಯಸ್ಸನ್ನಲ್ಲ. "ಬಾಯ್ಗೂಡಿದ್ ಮೇಲೆ ಇದ್ಕಿಂತ ಕಮ್ಮಿ ಇಲ್ಲ ಅನ್ಬೋದು ಅಷ್ಟೆಯ. ಮಿಕ್ಕಿದ್ದು ದೇವ್ರಿಗೇ ಗೊತ್ತು" ಎನ್ನುತ್ತಿದ್ದ ಅಪ್ಪ. ಎಷ್ಟೋ ವರ್ಷಗಳ ಮೇಲೆ ನನ್ನ ಪಿಎಚ್‌ಡಿ ಗೈಡು, ಗೆಲಾಕ್ಸಿಗಳ ವಿಷಯದಲ್ಲಿ ನಮಗೆ ಸಿಗುವುದು ಕನಿಷ್ಠ ವಯಸ್ಸು ಮಾತ್ರ ಎಂದು ಬೋರ್ಡಿನ ಮೇಲೆ ಬರೆದು ವಿವರಿಸಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ.

ಕುರಿಗಳ ವಯಸ್ಸು ಇಷ್ಟು ಚೆನ್ನಾಗಿ ತಿಳಿದಿದ್ದ ನಮ್ಮ ಮನೆಯಲ್ಲಿ ಮನುಷ್ಯರ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ದಾಖಲೆಯ ಪ್ರಕಾರ ನಾನು ಹುಟ್ಟಿದ್ದು ಜೂನ್ ಒಂದರಂದು. ನನ್ನ ತರಗತಿಯ ಮುಕ್ಕಾಲು ಮಕ್ಕಳೂ ಅಂದೇ ಹುಟ್ಟಿದವರು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಮುಖ ನೋಡಿ ಒಂದು ವರ್ಷ ಬರೆದು, ತಾರೀಕಿನ ಜಾಗದಲ್ಲಿ ಶಾಲೆ ಶುರುವಾಗುವ ದಿನವನ್ನು ಹಾಕಿಬಿಡುತ್ತಿದ್ದರು. ಅವ್ವನಿಗಂತೂ ಆ ತಾರೀಕೂ ಇರಲಿಲ್ಲ. ಆಸ್ಪತ್ರೆಯ ಫಾರಂನಲ್ಲಿ ಅವಳ ವಯಸ್ಸು ಬರೆಯುವಾಗ ನಾನು ಅರವತ್ತೆರಡು ಎಂದು ಬರೆದೆ. "ಅಷ್ಟೊಂದಾ?" ಎಂದು ಅವ್ವ ಕೇಳಿದಳು.

ಅವ್ವನ ಕಿಡ್ನಿ ಎರಡೂ ಕೆಲಸ ನಿಲ್ಲಿಸುತ್ತಾ ಬಂದಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕೆಂದರು. ಊರಿನಿಂದ ಓಡಾಡಿಸುವುದು ಆಗದ ಮಾತು, ಹಾಗಾಗಿ ಅವಳನ್ನು ರಾಮನಗರದ ನನ್ನ ಬಾಡಿಗೆ ಮನೆಗೆ ಕರೆತಂದೆ. ಜಾಗ ಸಿಕ್ಕಿದ್ದು ಚನ್ನಪಟ್ಟಣದ ಆಸ್ಪತ್ರೆಯೊಂದರಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಮಧ್ಯಾಹ್ನ ಬಸ್ಸಿನಲ್ಲೇ ಬರುವುದು. ಕೆಂಗಲ್ ಬಂದಾಗ ಅವ್ವ ಕಿಟಕಿಯಿಂದಲೇ ಆಂಜನೇಯನಿಗೆ ಕೈ ಮುಗಿಯುತ್ತಿದ್ದಳು. ಹೋಗುವಾಗ ಒಂದು ಕೈ, ಏಕೆಂದರೆ ಇನ್ನೊಂದರಲ್ಲಿ ಚೀಲ ಇರುತ್ತಿತ್ತು. ಬರುವಾಗಲೂ ಒಂದೇ ಕೈ, ಏಕೆಂದರೆ ಇನ್ನೊಂದಕ್ಕೆ ಸೂಜಿ ಚುಚ್ಚಿ ಬ್ಯಾಂಡೇಜು ಸುತ್ತಿರುತ್ತಿದ್ದರು.

ಮನೆಯಲ್ಲಿ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ಪಕ್ಕದಲ್ಲಿ ರೇಷ್ಮೆ ನೂಲು ತೆಗೆಯುವ ಮನೆ. ಬೆಂದ ಗೂಡಿನ ವಾಸನೆಗೆ ನಾನು ಕಿಟಕಿ ಹಾಕುತ್ತಿದ್ದೆ, ಅವಳು ತೆಗೆಯುತ್ತಿದ್ದಳು. ಒಂದು ಭಾನುವಾರ ನಾನು ಕಂಪ್ಯೂಟರ್ ಮುಂದೆ ಕೂತಿದ್ದಾಗ ಹಿಂದೆ ಬಂದು ನಿಂತಳು.

"ಇದೇನವ್ವ, ಹಿಟ್ಟಿನ ಮೇಲೆ ನೊಣ ಕೂತಂಗೈತೆ?"

ಮಂಕಾದದ್ದು ಚೆನ್ನಾಗಿ ಕಾಣಲೆಂದು ಚಿತ್ರವನ್ನು ಬಿಳಿಯ ಮೇಲೆ ಕಪ್ಪಾಗುವಂತೆ ತಿರುಗಿಸಿಟ್ಟಿದ್ದೆ. ಅವಳು ತೋರಿಸಿದ ಚುಕ್ಕೆಯೇ ನಾನು ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದ ಗೆಲಾಕ್ಸಿ. ಅದರಲ್ಲಿ ಕೋಟಿಗಟ್ಟಲೆ ನಕ್ಷತ್ರಗಳಿವೆಯೆಂದು ಹೇಳಿದೆ. ಅದರ ವಯಸ್ಸು ಕಂಡುಹಿಡಿಯುತ್ತಿದ್ದೇನೆ ಎಂದೆ.

"ಎಂಗೆ?"

ನನಗೆ ಪಾಠ ಮಾಡುವ ಚಟ. ಕುರ್ಚಿ ಹಾಕಿ ಕೂರಿಸಿ ಹೇಳಿದೆ. ನೀಲಿ ನಕ್ಷತ್ರಗಳು ದುಂದುಗಾರರು, ಇದ್ದಬದ್ದದ್ದನ್ನೆಲ್ಲ ಉರಿಸಿ ಬೇಗ ಸಾಯುತ್ತವೆ. ಸಣ್ಣ ಕೆಂಪು ನಕ್ಷತ್ರಗಳು ಜಿಪುಣರು, ಮೆಲ್ಲಗೆ ಉರಿದು ಬಹುಕಾಲ ಬಾಳುತ್ತವೆ. ಗೆಲಾಕ್ಸಿಯ ಬೆಳಕನ್ನು ಬಿಡಿಸಿ ನೋಡಿದಾಗ ನೀಲಿ ಹೆಚ್ಚಿದ್ದರೆ ಅದು ಎಳೆಯದು, ನೀಲಿಯವು ಸತ್ತು ಕೆಂಪಿನವೇ ಉಳಿದಿದ್ದರೆ ಹಳೆಯದು. ಅಷ್ಟು ದೂರದಿಂದ ಬರುವಷ್ಟರಲ್ಲಿ ಬೆಳಕೇ ಹಿಗ್ಗಿ ಕೆಂಪಾಗಿರುತ್ತದೆ, ಆ ಕೆಂಪನ್ನು ಮೊದಲು ಕಳೆದು ಆಮೇಲೆ ನೋಡಬೇಕು. ಇದು ಹುಟ್ಟಿ ಬಹಳ ಕಾಲವಾಗಿಲ್ಲ, ಎಳೆಗೂಸು ಎಂದೆ.

ಅವ್ವ ತಲೆಯಾಡಿಸಿದಳು. "ನಿಮ್ಮಪ್ಪ ಮಾಡೋ ಕೆಲ್ಸನೇಯ. ಬಾಯಿ ಬುಡ್ಸೋಕಾಗಾಕಿಲ್ಲ ಅಷ್ಟೆ."

ನನ್ನ ಸಂಶೋಧನೆಯನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿಲ್ಲ. ಅಂದು ನಾವಿಬ್ಬರೂ ನಕ್ಕಿದ್ದೆವು. ಆದರೆ ಆ ಮಾತು ಅವಳ ಮನಸ್ಸಿನಲ್ಲಿ ಎಲ್ಲೋ ಹೋಗಿ ಕೂತಿತ್ತೆಂದು ನನಗೆ ಆಗ ತಿಳಿಯಲಿಲ್ಲ. ಮುಂದಿನ ವಾರ ಡಯಾಲಿಸಿಸ್ ಮುಗಿಸಿ ಬರುವಾಗ, ಕೆಂಗಲ್ ದಾಟಿದ ಮೇಲೆ, ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿದಳು.

"ಮಗಾ, ಅಷ್ಟು ದೂರದ್ದರ ವಯಸ್ಸು ಹೇಳ್ತೀಯಲ್ಲ. ನಮ್ಮ ಹೊಲದ ಬದೀಲಿ ಮಣ್ಣು ಮಾಡಿರೋ ಮೊಗೀಗೆ ಎಷ್ಟು ತಿಂಗ್ಳಾಗಿತ್ತು ಅಂತ ಹೇಳಕ್ಕಾದದಾ?"

ನನಗಿಂತ ಮುಂಚೆ ಒಂದು ಹೆಣ್ಣು ಮಗು ಹುಟ್ಟಿ ತೀರಿಕೊಂಡಿತ್ತೆಂದು ಎಂದೋ ಕೇಳಿದ್ದೆ. ಊರಿನಲ್ಲಿ ಅಂಥವು ಎಲ್ಲ ಮನೆಯಲ್ಲೂ ಒಂದೊಂದು ಇದ್ದವು. ಅದರ ಬಗ್ಗೆ ಅವ್ವ ಬಾಯಿಬಿಟ್ಟಿದ್ದು ಅದೇ ಮೊದಲು. ರಾಮನಗರ ಬರುವವರೆಗೂ, ಬಸ್ಸಿಳಿದ ಮೇಲೆ ಆಟೋದಲ್ಲೂ, ಮನೆಗೆ ಬಂದು ಚಪ್ಪಲಿ ಬಿಡುವಾಗಲೂ ಹೇಳುತ್ತಲೇ ಇದ್ದಳು.

ಮಗು ಹುಟ್ಟಿದ್ದು ಅವರೆಕಾಯಿ ಕಾಲದಲ್ಲಿ. ಆಷಾಢಕ್ಕೆ ಇನ್ನು ಐದು ದಿನ ಇದೆಯೆನ್ನುವಾಗ ಜ್ವರ ಬಂದು ಎರಡೇ ದಿನದಲ್ಲಿ ಹೋಯಿತು. ಮನೆಯಲ್ಲಿ ಚಪ್ಪರ ಹಾಕಿ ಆಗಿತ್ತು. ಅಪ್ಪನ ತಂಗಿಯ, ಅಂದರೆ ನನ್ನ ಅತ್ತೆಯ ಮದುವೆ ಅದರ ಮಾರನೆಯ ದಿನವೇ. ಆಷಾಢದಲ್ಲಿ ಮದುವೆ ಇಲ್ಲ. ಅದು ತಪ್ಪಿದರೆ ಗಂಡಿನ ಕಡೆಯವರು ಕಾಯುವವರಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಕೂಸು ಹಲ್ಲು ಬರುವ ಮುಂಚೆ ಸತ್ತರೆ ಸೂತಕ ಇಲ್ಲ. ಮಣ್ಣು ಮಾಡಿ ಬಂದು ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ಒಂದೇ ಒಂದು ಹಲ್ಲು ಬಂದಿದ್ದರೂ ಮನೆಗೆ ಹನ್ನೊಂದು ದಿನ ಸೂತಕ. ಹಲ್ಲು ಬಂದದ್ದು ಮನುಷ್ಯರ ಲೆಕ್ಕಕ್ಕೆ ಸೇರುತ್ತದೆ, ಪಿತೃಪಕ್ಷದಲ್ಲಿ ಸತ್ತವರಿಗೆಲ್ಲ ಎಡೆ ಇಡುವಾಗ ಅದಕ್ಕೂ ಒಂದು ಎಲೆ ಹಾಕುತ್ತಾರೆ. ಹಲ್ಲು ಬರದ್ದಕ್ಕೆ ಎಲೆ ಇಲ್ಲ. ಅದು ಬಂದೇ ಇರಲಿಲ್ಲ ಎಂದು ಲೆಕ್ಕ.

ಅಜ್ಜಿ, ಅಂದರೆ ಅಪ್ಪನ ಅವ್ವ, ಮಗುವಿನ ಬಾಯಿ ನೋಡಿ ಹಲ್ಲಿಲ್ಲ ಎಂದಳು. ಸಂಜೆಯೊಳಗೆ ಮಣ್ಣಾಯಿತು. ಬೆಳಿಗ್ಗೆ ಮದುವೆ.

"ನಂಗೆ ಕಚ್ಚಿತ್ತು ಕಣೇ" ಎಂದಳು ಅವ್ವ. "ಜ್ವರ ಬರೋ ಎರಡು ದಿನ ಮುಂಚೆ. ಹಾಲು ಕುಡೀತಾ ಕುಡೀತಾ ಕಚ್ಬುಡ್ತು. ಚಿಟ್ಟಂತ ಕಿರುಚ್ಕೊಂಡೆ. ಗುರುತಾಗಿತ್ತು ಇಲ್ಲಿ. ನಮ್ಮತ್ತೆಗೆ ಹೇಳ್ದೆ. ವಸಡು ಗಟ್ಟಿ ಇರ್ತದೆ, ಅದ್ಕೆ ಅಂಗೆ ಅಂದ್ರು. ನಾನೇ ಬಾಯಿ ಬುಡ್ಸಿ ನೋಡಾನ ಅಂದ್ರೆ ಅಷ್ಟ್ರಲ್ಲಿ ಜ್ವರ. ಆಮೇಲೆ ನನ್ ಕೈಗೆ ಕೊಡ್ನೇ ಇಲ್ಲ."

ಮದುವೆಯ ದಿನ ಅವಳು ಕುರಿ ಕೊಟ್ಟಿಗೆಯಲ್ಲಿ ಕೂತಿದ್ದಳಂತೆ. ಹೊರಗೆ ಮೈಕು ಹಾಕಿದ್ದರು. ಹಾಲು ನಿಂತಿರಲಿಲ್ಲ. ರವಿಕೆ, ಸೆರಗು ಎಲ್ಲ ಒದ್ದೆಯಾಗಿ, ಯಾರಾದರೂ ನೋಡಿಯಾರೆಂದು ಟವೆಲ್ ಹೊದ್ದುಕೊಂಡು ಕೂತಿದ್ದಳು. ಧಾರೆಗೆ ಹಾಲೆರೆಯುವುದಕ್ಕೆ ಮದುಮಗಳ ಅತ್ತಿಗೆ ಬರಬೇಕೆಂದು ಕರೆಯಲು ಬಂದರು, ಹೋಗಿ ಎರೆದು ಬಂದಳು. ಈ ಮಾತನ್ನು ಅವಳು ದೂರಿನಂತೆ ಹೇಳಲಿಲ್ಲ. ಯಾವ ಸೀರೆ ಉಟ್ಟಿದ್ದೆ ಎಂಬುದನ್ನೂ ಹೇಳಿದಳು.

ಅವಳಿಗೆ ಈಗ ಬೇಕಾಗಿದ್ದುದು ಒಂದು ಎಲೆ. ಅಷ್ಟೇ. ಹಿಂದೆ ಒಂದೆರಡು ಸಲ ಅಪ್ಪನನ್ನು ಕೇಳಿದ್ದಳು. "ನಮ್ಮವ್ವ ನೋಡಿ ಇಲ್ಲ ಅಂದೈತಲ್ಲ" ಎಂದು ಅಪ್ಪ ಎದ್ದು ಹೋಗಿದ್ದ. ಹಲ್ಲಿತ್ತೆಂದು ಗೊತ್ತಾಗದೆ ಎಲೆ ಹಾಕುವಂತಿಲ್ಲ. ಗೊತ್ತು ಮಾಡಲು ನಾನಿದ್ದೆ, ಕಾಣದ್ದರ ವಯಸ್ಸನ್ನು ಹೇಳುವ ಮಗಳು.

"ನಾನಿರೋವಾಗ್ಲೇ ಒಂದು ವರ್ಸ ಎಲೆ ಬಿದ್ರೆ, ಆಮೇಲೆ ತಾನೇ ನಡ್ಕೊಂಡು ಹೋಯ್ತದೆ. ನಾನು ಹೋದ್ರೆ ಅವಳು ಇದ್ಲು ಅನ್ನೋರೇ ಇರಾಕಿಲ್ಲ ಮಗಾ."

ನಾನೇನು ಮಾಡಿದೆ? ಪೇಪರ್ ಪೆನ್ನು ತೆಗೆದುಕೊಂಡೆ. ಹುಟ್ಟಿದ್ದು ಅವರೆಕಾಯಿ ಕಾಲ ಎಂದರೆ ಡಿಸೆಂಬರೋ ಜನವರಿಯೋ. ಸಂಕ್ರಾಂತಿಗೆ ಮುಂಚೆಯಾ ಆಮೇಲಾ ಎಂದು ಕೇಳಿದೆ. ಮುಂಚೆ ಎಂದಳು, ಆಮೇಲೆ ಇದ್ದರೂ ಇರಬಹುದು ಎಂದಳು. ಆಷಾಢ ಶುರುವಾಗುವುದು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುತ್ತದೆ, ಆದ್ದರಿಂದ ಯಾವ ವರ್ಷವೆಂದು ಬೇಕು. "ನೀನು ಹುಟ್ಟಾಕೆ ಎರಡು ವರ್ಸ ಮುಂಚೆ" ಎಂದಳು. ನಾನು ಹುಟ್ಟಿದ ವರ್ಷ ಹೆಡ್‌ಮಾಸ್ಟರರ ಅಂದಾಜು. ಎಲ್ಲ ಕೂಡಿಸಿ ಕಳೆದು ನೋಡಿದರೆ ಐದು ತಿಂಗಳಿಂದ ಆರೂವರೆ ತಿಂಗಳವರೆಗೆ ಎಷ್ಟು ಬೇಕಾದರೂ ಆಗಬಹುದಿತ್ತು. ಮಕ್ಕಳಿಗೆ ಮೊದಲ ಹಲ್ಲು ಬರುವುದು ಸಾಮಾನ್ಯವಾಗಿ ಆರು ತಿಂಗಳಿಗೆ.

"ಹೇಳಕ್ಕಾಗಲ್ಲ ಅವ್ವ" ಎಂದೆ.

"ಕಚ್ಚಿದ್ದು?"

"ವಸಡಲ್ಲೂ ಕಚ್ತವೆ. ಅಜ್ಜಿ ಹೇಳಿದ್ದು ಅದೇ ಅಲ್ವಾ?"

"ಗುರುತಾಗಿತ್ತು."

ನನಗೆ ಅಂದು ಸುಸ್ತಾಗಿತ್ತು. ಮಾರನೆಯ ದಿನ ಇಂಟರ್ನಲ್ ಪರೀಕ್ಷೆ. ಇವೆಲ್ಲ ನೆಪ. ನಿಜವೇನೆಂದರೆ, ಪುರಾವೆ ಇಲ್ಲದ ಮಾತನ್ನು ಯಾರು ಹೇಳಿದರೂ ನನಗೆ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ನಾನು ಗುಣವೆಂದು ತಿಳಿದಿದ್ದೆ. ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದೆ: "ಅಷ್ಟು ವರ್ಷದ ಹಿಂದಿನ ಮಾತು. ಹಲ್ಲಿರ್ಬೇಕಿತ್ತು ಅಂತ ನಿನ್ನ ಮನಸ್ಸಿಗೆ ಆಸೆ. ಆಸೆ ಇದ್ದಾಗ ನೆನಪು ಹಂಗೇ ತಿದ್ಕೊಂಬುಡುತ್ತೆ. ನಿನ್ನ ತಪ್ಪಲ್ಲ ಅದು, ಎಲ್ರಿಗೂ ಹಂಗೇ."

ಅವ್ವ ಬ್ಯಾಂಡೇಜು ಸುತ್ತಿದ್ದ ತೋಳನ್ನು ತೊಡೆಯ ಮೇಲಿಟ್ಟುಕೊಂಡಳು. "ಆಗ್ಲಿ ಬುಡು" ಎಂದಳು. "ಓದಿರೋಳು ನೀನು." ಆಮೇಲೆ ಆ ಮಾತನ್ನು ಅವಳು ನನ್ನ ಹತ್ತಿರ ಎತ್ತಲಿಲ್ಲ. ಕಂಪ್ಯೂಟರ್ ಹತ್ತಿರವೂ ಬಂದು ನಿಲ್ಲಲಿಲ್ಲ.

ಮೇ ತಿಂಗಳಲ್ಲಿ, ಆ ಗೆಲಾಕ್ಸಿಯ ಬಗ್ಗೆ ನಾನು ಬರೆದಿದ್ದ ಲೇಖನ ಸಂಶೋಧನಾ ಪತ್ರಿಕೆಯಿಂದ ವಾಪಸು ಬಂತು. ಪರಿಶೀಲಿಸಿದವರು, ಅವರು ಯಾರೆಂದು ನಮಗೆ ತಿಳಿಸುವುದಿಲ್ಲ, ನಾಲ್ಕು ಪುಟ ಟಿಪ್ಪಣಿ ಬರೆದಿದ್ದರು. ಮೊದಲ ಪುಟ ಓದುವಷ್ಟರಲ್ಲೇ ನಾನು ಅವರ ವಂಶವನ್ನೆಲ್ಲ ಕುದೂರಿನ ಭಾಷೆಯಲ್ಲಿ ನೆನೆದೆ. ಒಳಗಿನಿಂದ ಅವ್ವ "ಯಾರ್ನೇ ಬಯ್ತಿದ್ದೀಯ?" ಎಂದಳು. ಅವರ ಮಾತು ಇಷ್ಟು: ನೀವು ಈ ಗೆಲಾಕ್ಸಿ ಎಳೆಯದು ಎನ್ನುತ್ತೀರಿ. ಆದರೆ ಈಚೆಗೆ ಹುಟ್ಟಿದ ನಕ್ಷತ್ರಗಳು ಎಷ್ಟು ಪ್ರಖರವಾಗಿರುತ್ತವೆಂದರೆ ಅವುಗಳ ಬೆಳಕಿನಲ್ಲಿ ಮೊದಲು ಹುಟ್ಟಿದವು ಮುಚ್ಚಿಹೋಗುತ್ತವೆ. ನೀವು ಅಳೆದದ್ದು ಕೊನೆಗೆ ಹುಟ್ಟಿದವುಗಳ ವಯಸ್ಸು. ಅವಕ್ಕಿಂತ ಹಿಂದೆ ಯಾವುದೂ ಹುಟ್ಟಿರಲಿಲ್ಲ ಎಂದು ಹೇಳಲು ನಿಮ್ಮ ಬಳಿ ಏನಿದೆ? ಕಾಣದಿರುವುದನ್ನೇ ಇಲ್ಲದಿರುವುದೆಂದು ತಿಳಿದಿದ್ದೀರಿ.

ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದೆ. ಮೂರನೆಯ ದಿನ ಅವರು ಹೇಳಿದ್ದು ಸರಿಯೆಂದು ಗೊತ್ತಾಯಿತು. ಹೊಸದೇನಲ್ಲ, ಆ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತಿರುವ ತೊಂದರೆ. ನನಗೂ ಗೊತ್ತಿತ್ತು. ನನ್ನ ಗೆಲಾಕ್ಸಿಗೆ ಮಾತ್ರ ಅದು ಅನ್ವಯಿಸುವುದಿಲ್ಲ ಎಂದುಕೊಂಡಿದ್ದೆ. ಮೈಕು ಹಾಕಿದ ಮದುವೆ ಮನೆಯ ಮುಂದೆ ನಿಂತು, ಒಳಗೆ ಯಾರೂ ಅಳುತ್ತಿಲ್ಲ ಎಂದು ಬರೆದುಕೊಂಡು ಬಂದವಳು ನಾನು.

ಆ ಹೋಲಿಕೆ ಮನಸ್ಸಿಗೆ ಬಂದ ಕೂಡಲೇ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಎಲ್ಲ ಕಾಗದಗಳಲ್ಲೂ ನಾನು ಮೊದಲನೆಯ ಮಗು. ರ್‍ಯಾಂಕ್ ಬಂದಾಗ ಊರಿನವರು ಹೊಗಳಿದ್ದು, ಚೊಚ್ಚಲ ಮಗಳು ಮನೆ ಬೆಳಗಿದಳು ಎಂದು. ಅಲ್ಲೇ ಪಕ್ಕದಲ್ಲಿ ಅವ್ವ ನಿಂತಿದ್ದಳು. ಅವಳು ಯಾರನ್ನೂ ತಿದ್ದಲಿಲ್ಲ.

ಅಪ್ಪನ ಹತ್ತಿರ ಮಾತಾಡಬೇಕು ಅನ್ನಿಸಿತು. ಹಲ್ಲಿರಲಿ ಬಿಡಲಿ, ಎಲೆ ಹಾಕು ಎನ್ನಬೇಕು. ಅವ್ವನಿಗೆ, ನಾನು ಹೇಳಿದ್ದು ತಪ್ಪು, ನನಗೆ ಗೊತ್ತಿಲ್ಲ ಎಂದು ಹೇಳಬೇಕು. ಈ ಎರಡೂ ಮಾತಿಗೆ ಹತ್ತು ನಿಮಿಷ ಸಾಕಿತ್ತು. ಆದರೆ ಲೇಖನವನ್ನು ತಿದ್ದಿ ಕಳಿಸಲು ಗಡುವಿತ್ತು, ಮೌಲ್ಯಮಾಪನಕ್ಕೆ ಬೆಂಗಳೂರಿಗೆ ಓಡಾಟವಿತ್ತು. ಪಿತೃಪಕ್ಷ ಬರುವುದು ಇನ್ನೂ ದೂರವಿತ್ತು. ಮೊದಲು ಗೆಲಾಕ್ಸಿಯದನ್ನು ಸರಿಮಾಡಿ ಮುಗಿಸೋಣ, ಆಮೇಲೆ ಸಮಾಧಾನವಾಗಿ ಕೂತು ಹೇಳೋಣ ಎಂದುಕೊಂಡೆ. ಗೆಲಾಕ್ಸಿಯದನ್ನು ಸರಿಮಾಡಿದೆ. ಹೊಸ ಲೆಕ್ಕದಲ್ಲಿ ಅದರ ವಯಸ್ಸು ಮೊದಲಿಗಿಂತ ಬಹಳ ಹೆಚ್ಚಾಯಿತು. ಒಳಗೆ, ಕಾಣದ ಹಾಗೆ, ಹಳೆಯ ನಕ್ಷತ್ರಗಳಿರಲು ಜಾಗವಿತ್ತು. ಲೇಖನ ಒಪ್ಪಿಗೆಯಾಯಿತು.

ಅವ್ವ ಶ್ರಾವಣದಲ್ಲಿ ಹೋದಳು. ಡಯಾಲಿಸಿಸ್ ನಡೆಯುತ್ತಿರುವಾಗಲೇ ರಕ್ತದೊತ್ತಡ ಇಳಿಯಿತು. ನಾನು ಹೊರಗೆ ಬೆಂಚಿನ ಮೇಲೆ ಕೂತು ವಿದ್ಯಾರ್ಥಿನಿಯರ ರೆಕಾರ್ಡ್ ಪುಸ್ತಕಗಳಿಗೆ ಸಹಿ ಹಾಕುತ್ತಿದ್ದೆ. ನರ್ಸು ಬಂದು ಕರೆದಾಗ ಕೈಯಲ್ಲಿದ್ದ ಪುಸ್ತಕಕ್ಕೆ ಸಹಿ ಮುಗಿಸಿ ಎದ್ದೆ. ಅಷ್ಟರಲ್ಲಿ ಆಗಿಹೋಗಿತ್ತು. ಆ ಎರಡು ಮಾತು ನನ್ನ ಬಾಯಲ್ಲೇ ಉಳಿದವು.

ಪಕ್ಷಕ್ಕೆ ಊರಿಗೆ ಹೋದೆ. ಸತ್ತ ವರ್ಷವೇ ಪಕ್ಷದಲ್ಲಿ ಸೇರಿಸಬಹುದೋ ಬಾರದೋ ಎಂದು ಊರಿನಲ್ಲಿ ಎರಡು ಮಾತಾಯಿತು. ಅಪ್ಪ ಯಾರನ್ನೂ ಕೇಳದೆ, "ಇಡಾದೇಯ" ಎಂದ. ತಮ್ಮನ ಹೆಂಡತಿ ಬೆಳಿಗ್ಗೆಯಿಂದ ಒಲೆಯ ಮುಂದಿದ್ದಳು. ಬಾಡಿನ ಸಾರು, ಮುದ್ದೆ, ಕಜ್ಜಾಯ, ಅವ್ವನಿಗೆ ಇಷ್ಟವೆಂದು ಸೊಪ್ಪಿನ ಮಸ್ಸಾರು. ಅಪ್ಪ ನಡುಮನೆಯಲ್ಲಿ ಕೂತು ಒದ್ದೆ ಬಟ್ಟೆಯಲ್ಲಿ ಬಾಳೆ ಎಲೆ ಒರೆಸುತ್ತಿದ್ದ. ಎಷ್ಟು ಎಲೆ ಎಂದು ಅವಳು ಅಡುಗೆಮನೆಯಿಂದ ಕೂಗಿ ಕೇಳಿದಳು.

"ಮೂರು" ಎಂದ ಅಪ್ಪ. ತನ್ನ ಅಪ್ಪ, ಅವ್ವ, ಮತ್ತು ನಮ್ಮವ್ವ.

"ನಾಕು" ಎಂದೆ ನಾನು.

ಅಪ್ಪ ತಲೆ ಎತ್ತಿದ.

"ಹೊಲದ ಬದೀಲಿ ಇರೋಳಿಗೊಂದು" ಎಂದೆ. "ಹಲ್ಲು ಬಂದಿತ್ತು ಅಂತ ಅವ್ವ ನಂಗೆ ಹೇಳಿದ್ಲು. ನಾನು ನಂಬ್ಲಿಲ್ಲ. ಬಂದಿತ್ತೋ ಇಲ್ವೋ ಗೊತ್ತಿಲ್ಲ ಅಪ್ಪ, ಎಲೆ ಹಾಕು."

ಅವನು ಬಹಳ ಹೊತ್ತು ಅದೇ ಎಲೆಯನ್ನು ಒರೆಸಿದ. ಆಮೇಲೆ, ಕುರಿ ಕೊಳ್ಳಲು ಬಂದವರಿಗೆ ಹೇಳುವಷ್ಟೇ ಮೆಲ್ಲಗೆ ಹೇಳಿದ.

"ಬಂದಿತ್ತು."

ನನಗೆ ಅರ್ಥವಾಗಲಿಲ್ಲ.

"ಮಣ್ಣಿಗೆ ಇಳಿಸೋಕೆ ಮುಂಚೆ ನಾನೇ ಬೆರಳಾಕಿ ನೋಡ್ದೆ ಕಣವ್ವ. ಕೆಳಗ್ಲ ವಸಡ್ನಲ್ಲಿ ಒಂದು. ರಾಗಿ ಕಾಳಿನಷ್ಟು. ವಾಪಸ್ ಬಂದು ನಮ್ಮವ್ವಂಗೆ ಹೇಳ್ದೆ. ಬಾಯ್ ಮುಚ್ಚು, ಈ ಮದುವೆ ನಿಂತೋದ್ರೆ ಇನ್ನೊಂದು ಗಂಡು ನೀನ್ ತತ್ತೀಯಾ ಅಂದ್ಲು. ಮುಚ್ಕೊಂಡೆ."

"ಅವ್ವಂಗೆ?"

"ಹೇಳ್ನಿಲ್ಲ."

"ಅಜ್ಜಿ ಸತ್ತು ಎಷ್ಟು ವರ್ಷ ಆಯ್ತಪ್ಪ! ಆಮೇಲಾದ್ರೂ ಹೇಳ್ಬೋದಿತ್ತಲ್ಲ?"

"ಹೇಳಾನ ಅಂತ್ಲೇ ಇದ್ದೆ. ಇಷ್ಟ್ ದಿನ ಯಾಕೆ ಹೇಳ್ನಿಲ್ಲ ಅಂತ ಕೇಳಿದ್ರೆ ಏನ್ ಹೇಳ್ಳಿ? ವರ್ಸ ವರ್ಸಕ್ಕೂ ಒಸಿ ಕಷ್ಟ ಆಯ್ತಾ ಆಯ್ತಾ ಹೋಯ್ತು."

ನಾನು ಕೂಗಾಡಿದೆ. ಹಬ್ಬದ ದಿನ, ಹಿರಿಯರು ಬರುವ ಹೊತ್ತು, ಯಾವುದನ್ನೂ ನೋಡಲಿಲ್ಲ. ಊರಿನ ಕುರಿಗಳ ಬಾಯಿಗೆಲ್ಲ ಬೆರಳು ಹಾಕಿ ಸತ್ಯ ಹೇಳುತ್ತೀಯ, ಕಟ್ಟಿಕೊಂಡವಳಿಗೆ ಒಂದು ಮಾತು ಹೇಳಲಾಗಲಿಲ್ಲವಾ ಎಂದೆ. ಅವಳು ಕೇಳಿದಾಗ ಎದ್ದು ಹೋದೆಯಲ್ಲ, ಯಾವ ಮುಖ ಇಟ್ಟುಕೊಂಡು ಬಂದು ಅವಳು ಹಾಕಿದ ಮುದ್ದೆ ತಿಂದೆ ಎಂದೆ. ತಮ್ಮನ ಹೆಂಡತಿ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಬೈದು ಮುಗಿದ ಮೇಲೆ ನನಗೆ ನನ್ನ ಮನೆಯ ಆ ಮಧ್ಯಾಹ್ನ ನೆನಪಾಯಿತು, ಪೇಪರ್ ಪೆನ್ನು ಹಿಡಿದು ಕೂತಿದ್ದುದು. ಅಪ್ಪ ಅವಳಿಂದ ನಿಜವನ್ನು ಮುಚ್ಚಿಟ್ಟ. ನಾನು ಅವಳ ಕೈಯಲ್ಲಿದ್ದ ನಿಜವನ್ನೇ ಕಿತ್ತುಕೊಂಡೆ, ನಿನ್ನ ಮೈಗೆ ತಿಳಿದದ್ದು ಸುಳ್ಳು ಎಂದೆ. ಅವಳು ಅದನ್ನು ನಂಬಿದಳೋ ಇಲ್ಲವೋ ಗೊತ್ತಿಲ್ಲ. ನಂಬಿಕೊಂಡೇ ಸತ್ತಿದ್ದರೆ ಎಂದು ಯೋಚಿಸಿದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ಅಪ್ಪ ನಾಲ್ಕನೆಯ ಎಲೆಯನ್ನು ತೆಗೆದು ಒರೆಸಿದ. ಚಿಕ್ಕ ಎಲೆ. ಅದನ್ನು ಅವ್ವನ ಎಲೆಗೆ ತಾಗಿಸಿ ಹಾಕಿದ.

"ಇದ್ಕೇನ್ ಬಡಿಸ್ಲಿ ಮಾವ?" ಎಂದು ತಮ್ಮನ ಹೆಂಡತಿ ಕೇಳಿದಳು.

"ಒಂದೇ ಹಲ್ಲು. ಹಾಲಲ್ಲಿ ಒಸಿ ಅನ್ನ ಕಿವುಚಿ ಹಾಕವ್ವ. ಮೆತ್ತಗೆ ಕಿವುಚು."

ಧೂಪ ಹಾಕುವಾಗ ಸತ್ತವರನ್ನು ಒಬ್ಬೊಬ್ಬರಾಗಿ ಕರೆಯಬೇಕು, ಕರೆಯದೆ ಅವರು ಉಣ್ಣುವುದಿಲ್ಲ. ಅಪ್ಪ ಎದ್ದು ನಿಂತು ಮೊದಲ ಎಲೆಯ ಮುಂದೆ "ಬಾರಪ್ಪ" ಎಂದ. ಎರಡನೆಯದರ ಮುಂದೆ "ಬಾರವ್ವ" ಎಂದ. ಮೂರನೆಯದರ ಮುಂದೆ "ಬಾಮ್ಮಿ, ಉಣ್ಣು ಬಾ" ಎಂದ. ನಾಲ್ಕನೆಯದರ ಮುಂದೆ ಧೂಪ ಹಿಡಿದುಕೊಂಡು ಸುಮ್ಮನೆ ನಿಂತ. ಮದುವೆ ಗಲಾಟೆ ಮುಗಿಯಲಿ, ಆಮೇಲೆ ಹೆಸರಿಡೋಣ ಎಂದಿದ್ದರಂತೆ. ಹೆಸರೇ ಇರಲಿಲ್ಲ. ಅವನು ನನ್ನ ಕಡೆ ತಿರುಗಿದ.

"ಏನಂತ ಕರೀಲವ್ವ?"

ನಲವತ್ತು ದಾಟಿದವಳು ನಾನು. ಆ ಮನೆಯಲ್ಲಿ ಯಾರನ್ನೂ ಹಾಗೆ ಕರೆದವಳಲ್ಲ. ಅವನ ಕೈಯಿಂದ ಧೂಪ ತೆಗೆದುಕೊಂಡೆ.

"ಅಕ್ಕಾ" ಎಂದೆ. "ಬಾರಕ್ಕ. ಅವ್ವನ ಪಕ್ಕದಲ್ಲೇ ಹಾಕೈತೆ."